ಕೈಗುಣ

ಏಪ್ರಿಲ್ ೭, ಸೋಮವಾರ

ಕೈಯಲ್ಲಿ ಏನೂ ಇಲ್ಲವಂತೆ. ನರದ ಡಾಕ್ಟರು ಸೂಜಿ ಚುಚ್ಚಿದರು, ಪುಟ್ಟ ಸುತ್ತಿಗೆಯಲ್ಲಿ ಮೊಣಕೈ ಬಡಿದರು, ಕಣ್ಣು ಮುಚ್ಚಿಸಿ ಮೂಗು ಮುಟ್ಟಿಸಿದರು. ಎಲ್ಲ ಸರಿಯಿದೆ ಅಂದರು.

"ಮತ್ತೆ ನಡುಗೋದು ಯಾಕೆ?"

"ಯಾವಾಗ ನಡುಗುತ್ತೆ?"

"ಗೋರಂಟಿ ಹಚ್ಚೋಕೆ ಕೂತಾಗ."

"ಮನೇಲಿ ಈರುಳ್ಳಿ ಹೆಚ್ಚುವಾಗ? ಬೀಗ ತೆಗೆಯುವಾಗ?"

ಇಲ್ಲ ಅಂದೆ. ಆಗ ಪೆನ್ನು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದರು. ಔಷಧಿ ಅಂಗಡಿಯ ಮೇಲೆ ಹೆಂಗಸರ ಸಂಘ ಇದೆ, ಅಲ್ಲಿ ಇನ್ಸಾಫ್ ಅಂತ ಹುಡುಗಿ, ಮನಸ್ಸಿನ ಕೆಲಸ ಮಾಡುತ್ತಾಳೆ, ಹೋಗಿ ಮಾತಾಡಿ ಅಂದರು. ಮನಸ್ಸಿನ ಕೆಲಸ! ನಡುಗುವುದು ಕೈ.

ಮನೆಗೆ ಬಂದು ಅಡುಗೆಮನೆ ಕಪಾಟಿನಲ್ಲಿದ್ದುದನ್ನೆಲ್ಲ ಕೆಳಗಿಳಿಸಿದೆ. ಒರೆಸಿದೆ. ಮತ್ತೆ ಮೇಲಿಟ್ಟೆ. ಕೂರಲು ಆಗುತ್ತಿಲ್ಲ. ಅಮ್ಮಾರ್ ಯಾರದೋ ಫ್ರಿಜ್ ರಿಪೇರಿ ಮುಗಿಸಿ ಬಂದು, "ಏನಂದ್ರು ಡಾಕ್ಟ್ರು?" ಅಂದ.

"ಕೈ ಸರಿಯಿದೆಯಂತೆ, ತಲೆ ಕೆಟ್ಟಿದೆಯಂತೆ."

"ಅದಕ್ಕೆ ಡಾಕ್ಟ್ರು ಯಾಕೆ? ಗಂಡನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ."

ನನಗೆ ನಗು ಬರಲಿಲ್ಲ. ಅವನ ನಗುವೂ ಅರ್ಧಕ್ಕೇ ನಿಂತಿತು.

ಬರೆದರಾದರೂ ಸಮಾಧಾನ ಆಗುತ್ತದೇನೋ. ಎಷ್ಟೋ ವರ್ಷ ಈ ಗಾಬೆಸ್ ಊರಿನಲ್ಲಿ ಮದುಮಗಳ ಕೈ ಅಂದರೆ ಸಾಸಿಯಾಳ ಗೋರಂಟಿ. ಕೈಗುಣ ಚೆನ್ನಾಗಿದೆ, ಅವಳು ಹಚ್ಚಿದರೆ ವರ್ಷದೊಳಗೆ ತೊಟ್ಟಿಲು ಅನ್ನುತ್ತಿದ್ದರು. ನನ್ನ ಮನೆಯಲ್ಲೇ ತೊಟ್ಟಿಲು ತೂಗಲಿಲ್ಲ ಅನ್ನುವುದನ್ನು ಆಗ ಯಾರೂ ಎತ್ತುತ್ತಿರಲಿಲ್ಲ. ಹೋದ ವಸಂತದಲ್ಲಿ ನಾನು ಹಚ್ಚಿದ ಒಬ್ಬ ಹುಡುಗಿ ತಿಂಗಳೊಳಗೆ ತವರಿಗೆ ಮರಳಿದಳು. ಸೆಪ್ಟೆಂಬರಿನಲ್ಲಿ ಹಾಜರ್. ಅವಳ ಕೈಯ ಬಣ್ಣ ಇನ್ನೂ ಮಾಸಿರಲಿಲ್ಲ, ಗಂಡ ಮೆದನೀನ್ ರಸ್ತೆಯಲ್ಲಿ ಮೋಟಾರ್ ಬೈಕಿನಲ್ಲಿ ಹೋಗಿ, ನಿಂತಿದ್ದ ಲಾರಿಗೆ ಗುದ್ದಿ ಸತ್ತ. ಊರ ಸ್ನಾನದ ಮನೆ ಹಮ್ಮಾಮಿನಲ್ಲಿ ಬೆನ್ನು ಉಜ್ಜಿಕೊಳ್ಳುತ್ತಾ ಕೂತ ಹೆಂಗಸರು ಎರಡನ್ನೂ ಜೋಡಿಸಿ ನನ್ನ ಕೈಗೆ ಕಟ್ಟಿದರು. ಚಳಿ ಬರುವ ಹೊತ್ತಿಗೆ ಫೋನು ಬರುವುದು ನಿಂತಿತು. ಕರೆದ ಒಂದೆರಡು ಕಡೆ ಸೂಜಿ ತೆಗೆದ ಸಿರಿಂಜಿಗೆ ಗೋರಂಟಿ ತುಂಬಿ ಕೂತೆ. ಕೈ ನಡುಗಿತು, ಗೆರೆ ಕುಣಿಯಿತು. ಹುಡುಗಿಯ ತಾಯಿ ಗೆರೆ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

ಸುಳ್ಳು ಹೇಳಬೇಡಿ ಅಂತ ನಾನು ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಸುಳ್ಳು ಅಂತ ನನಗೇ ಅನ್ನಿಸಿಲ್ಲ. ನನ್ನ ಕೈ ಕೆಟ್ಟದ್ದು.

ಏಪ್ರಿಲ್ ೧೪, ಸೋಮವಾರ

ಹೋದೆ. ಅಮ್ಮಾರ್‌ನ ಕಾಟ ತಡೆಯಲಾರದೆ.

ಇನ್ಸಾಫ್ ಉತ್ತರದ ಬಿಜೆರ್ತೆಯವಳು. ನಾವು 'ಗ' ಅನ್ನುವಲ್ಲಿ ಗಂಟಲೊಳಗಿಂದ 'ಕ' ಅನ್ನುತ್ತಾಳೆ. ಪ್ರತಿ ಮಾತಿಗೂ 'ಲಲ್ಲಾ ಸಾಸಿಯಾ', ಅಷ್ಟು ಮರ್ಯಾದೆ, ನಾನೇನೋ ಅವಳ ಅಜ್ಜಿ ಅನ್ನುವ ಹಾಗೆ. ಮಾತ್ರೆ ಬರೆದುಕೊಡುತ್ತಾಳೆ ಅಂದುಕೊಂಡಿದ್ದೆ. ಚಹಾ ಕೊಟ್ಟಳು. ನನ್ನದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಅಂದಳು:

"ಗೋರಂಟಿಗೆ ಕೂತಾಗ ನಿಮ್ಮ ಕೈಗೆ ಏನೋ ಬರುತ್ತಲ್ಲ, ಅದಕ್ಕೊಂದು ಹೆಸರಿಡೋದಾದ್ರೆ ಏನಂತ ಇಡ್ತೀರಿ?"

"ಹೊಸದಾಗಿ ಇಡೋದೇನು? ಊರೇ ಇಟ್ಟಿದೆ."

"ಏನಂತ?"

"ಸಾಸಿಯಾ ಅಂತ."

ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು. ಓದಿದವಳ ಬಾಯಿ ಮುಚ್ಚಿಸಿದೆ ಅಂತ ಮೆಟ್ಟಿಲು ಇಳಿಯುವಾಗ ಖುಷಿಯಾಗಿತ್ತು. ಬೀದಿ ತಿರುಗುವ ಹೊತ್ತಿಗೆ ಆ ಖುಷಿ ಎಲ್ಲಿ ಹೋಯಿತೋ.

ಏಪ್ರಿಲ್ ೧೫, ಮಂಗಳವಾರ

ತಂಗಿ ಮುನ್ಜಿಯಾ ಫೋನ್ ಮಾಡಿದ್ದಳು. ಬಿಸಿಲಿನ ಮಾತಾಡಿದಳು, ಮೀನಿನ ರೇಟಿನ ಮಾತಾಡಿದಳು. ಏನೋ ಇದೆ ಅಂತ ಆಗಲೇ ಗೊತ್ತಾಯಿತು.

"ನಮ್ಮ ಉಮೈಮಾ ಮದುವೆ ಜುಲೈಗೆ ಗೊತ್ತಾಯ್ತು ಅಕ್ಕ. ನೀನು ಒಂದು ವಾರ ಮುಂಚೆನೇ ಬರಬೇಕು. ಅಡುಗೆ ನೀನಿಲ್ದೆ ಆಗಲ್ಲ."

"ಗೋರಂಟಿಗೆ?"

"ಗಂಡಿನ ಕಡೆಯವರು ಸ್ಫಾಕ್ಸ್‌ನಿಂದ ಯಾರನ್ನೋ ಗೊತ್ತು ಮಾಡಿದ್ದಾರಂತೆ. ನಾನಲ್ಲಕ್ಕ, ಅವರೇ."

"ಸರಿಯಾಗೇ ಮಾಡಿದ್ದಾರೆ. ನಾನು ಆ ಕೋಣೆಗೆ ಕಾಲೂ ಇಡಲ್ಲ. ಅಡುಗೆಮನೇಲಿ ಇರ್ತೀನಿ."

"ಅಯ್ಯೋ, ಹಾಗಲ್ಲ..." ಅಂದಳು. ಆದರೆ ಅವಳ ಉಸಿರು ಹಗುರಾದದ್ದು ನನಗೆ ಕೇಳಿಸಿತು.

ಉಮೈಮಾ ನನ್ನ ಸೊಂಟದ ಮೇಲೆ ಬೆಳೆದ ಮಗು. ಅವಳಮ್ಮ ಶಾಲೆಗೆ ಪಾಠ ಮಾಡಲು ಹೋದರೆ ದಿನವಿಡೀ ನನ್ನ ಹತ್ತಿರ. ಮಧ್ಯಾಹ್ನ ಊಟ ಮುಚ್ಚಿಟ್ಟೆ. ಸಮುದ್ರದವರೆಗೆ ನಡೆದುಕೊಂಡು ಹೋದೆ. ಹೋಗಿ ಏನು ಮಾಡಬೇಕು ಗೊತ್ತಾಗದೆ ವಾಪಸು ಬಂದೆ.

ಏಪ್ರಿಲ್ ೨೧, ಸೋಮವಾರ

ಇನ್ಸಾಫ್ ಹತ್ತಿರ ಹೋಗಲಿಲ್ಲ. ಹೆಸರಿಡಬೇಕಂತೆ. ನಾನೇನು ನಾಮಕರಣ ಮಾಡಲು ಕೂತಿದ್ದೇನಾ?

ಏಪ್ರಿಲ್ ೨೮, ಸೋಮವಾರ

ಇವತ್ತು ಇನ್ಸಾಫ್ ಎದುರು ಆ ಹೆಸರು ಬಾಯಿ ತಪ್ಪಿ ಬಂತು. "ಏನಂತ ಹೇಳಲಿ ಮಗಳೇ, ಮನೆ ಒಳಗೆ ಬಾಡಿಗೆಯವಳನ್ನ ಇಟ್ಕೊಂಡ ಹಾಗಾಗಿದೆ. ಕರೆದಿಲ್ಲ, ಒಂದು ದಿನಾರ್ ಬಾಡಿಗೆ ಕೊಟ್ಟಿಲ್ಲ, ಎಲ್ಲಾ ಕೋಣೇಲೂ ಓಡಾಡ್ತಾಳೆ" ಅಂದೆ.

ಅಷ್ಟಕ್ಕೇ ಇನ್ಸಾಫ್ ಕುರ್ಚಿಯ ತುದಿಗೆ ಬಂದು ಕೂತಳು. ಬಾಡಿಗೆಯವಳು ಯಾವಾಗ ಬಂದಳು? ಅವಳಿಗೆ ಬಾಗಿಲು ತೆಗೆದವರು ಯಾರು? ಕಿವಿಯಲ್ಲಿ ಏನು ಹೇಳುತ್ತಾಳೆ? ಒಂದರ ಮೇಲೊಂದು ಪ್ರಶ್ನೆ. ನಾನೂ ಹುಚ್ಚಿ, ಉತ್ತರ ಕೊಡುತ್ತಾ ಹೋದೆ. ಹಾಜರ್‌ಳ ಗಂಡ ಸತ್ತ ಮೇಲೆ ಬಂದಳು. ಬಾಗಿಲು ತೆಗೆದದ್ದು ಹಮ್ಮಾಮಿನ ಹೆಂಗಸರು. ಹೇಳುವುದು ಒಂದೇ ಮಾತು: ಈ ಹುಡುಗಿಗೂ ಏನಾದರೂ ಆಗುತ್ತೆ ನೋಡ್ತಿರು.

"ಅವಳಿಗೆ ನಿಮ್ಮಿಂದ ಏನಾಗಬೇಕು?"

"ನಾನು ಮನೇಲಿ ಕೂತಿರಬೇಕು."

"ನಿಮಗೆ ಏನಾಗಬೇಕು?"

ಇದಕ್ಕೆ ಮಾತ್ರ ಅವಳ ಮುಖ ನೋಡಿದೆ. ಯಾರೂ ಕೇಳಿರಲಿಲ್ಲವಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಮ್ಮಾರ್‌ಗೆ ಹೇಳಿದೆ. "ಮುಂಗಡ ಆದ್ರೂ ಇಸ್ಕೊಂಡ್ಯಾ?" ಅಂದ.

ಮೇ ೫, ಸೋಮವಾರ

ಅಮ್ಮಾರ್‌ನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಗೋರಂಟಿ ಕಲಸಿ ದಪ್ಪಗೆ ಹಚ್ಚುತ್ತಿದ್ದೆ. ಅರ್ಧ ಆಗಿತ್ತು.

"ಸಾಸಿಯಾ, ಕೈ ನಡುಗ್ತಾ ಇಲ್ಲ" ಅಂದ.

"ಹಿಮ್ಮಡಿಗೇನು ಮದುವೆಯಾ?"

"ಗೋರಂಟಿ ಗೋರಂಟಿನೇ ಅಲ್ವೇನೇ?"

"ಅಲ್ಲಾಡಬೇಡ, ಸುಮ್ನಿರು" ಅಂದೆ. ಉಳಿದರ್ಧ ಹಚ್ಚುವಾಗ ನಡುಗಿತು. ಇವನು ಬಾಯಿ ಮುಚ್ಚಿಕೊಂಡಿರಬಾರದಿತ್ತೇ?

ಮೇ ೧೯, ಸೋಮವಾರ

ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ. ಹಿಮ್ಮಡಿಯ ಕಥೆ ಹೇಳಿದ್ದೇ ತಪ್ಪಾಯಿತು. ಇನ್ಸಾಫ್‌ಗೆ ಸಂಭ್ರಮವೋ ಸಂಭ್ರಮ. ಗೋರಂಟಿ ಹಚ್ಚಿದ ಮದುಮಕ್ಕಳನ್ನೆಲ್ಲ ನೆನಪಿಸಿಕೊಳ್ಳಿ, ಯಾರು ಹೇಗಿದ್ದಾರೆ ಹೇಳಿ ಅಂದಳು. ಹೇಳಿದೆ. ಒಬ್ಬಳು ಟ್ಯೂನಿಸ್‌ನಲ್ಲಿ ವಕೀಲೆ. ಒಬ್ಬಳಿಗೆ ಅವಳಿ ಮಕ್ಕಳು. ಮೆನ್ಜೆಲ್ ಬೀದಿಯ ಅಕ್ಕತಂಗಿಯರು ಒಂದೇ ಮನೆಯ ಸೊಸೆಯರಾಗಿ ಇನ್ನೂ ಜಗಳವಾಡಿಲ್ಲ. ಹೇಳುತ್ತಾ ಹೇಳುತ್ತಾ ನನಗೂ ಖುಷಿಯಾಯಿತು. ಆಗ ಅವಳು ಎರಡೂ ಕೈ ಜೋಡಿಸಿಕೊಂಡು ಅಂದಳು:

"ನೋಡಿ ಲಲ್ಲಾ, ಇಷ್ಟು ಮನೆಗಳಲ್ಲಿ ಸುಖ. ಇದು ಒಳ್ಳೆ ಕೈಯ ಕಥೆ ಅಲ್ವಾ? ಇನ್ಮೇಲೆ ಇದನ್ನೇ ಹಿಡ್ಕೊಳ್ಳೋಣ."

ಮೈ ಉರಿದುಹೋಯಿತು.

"ಅವರೆಲ್ಲ ಚೆನ್ನಾಗಿರೋದು ನನ್ನ ಕೈಯಿಂದ ಅಂತಾದ್ರೆ, ಹಾಜರ್ ಗಂಡ ಸತ್ತದ್ದೂ ನನ್ನ ಕೈಯಿಂದಲೇ. ಬೇಕಾದ್ದು ಆರಿಸಿಕೊಂಡು ಬೇಡದ್ದು ಬಿಡೋಕೆ ಇದೇನು ಸಂತೇಲಿ ಟೊಮೇಟೊನಾ?"

ಚೀಲ ತೆಗೆದುಕೊಂಡು ಎದ್ದು ಬಂದೆ. ಒಂದು ಕಥೆ ಕಿತ್ತುಕೊಂಡು ತನ್ನದೊಂದು ತುರುಕುತ್ತಾಳೆ. ಹಮ್ಮಾಮಿನ ಹೆಂಗಸರು ಮಾಡಿದ್ದೂ ಅದನ್ನೇ, ಇವಳು ಮಾಡಿದ್ದೂ ಅದನ್ನೇ.

ಆದರೆ ನಾನು ಅಂದ ಮಾತು ನನ್ನನ್ನೇ ಬಿಡುತ್ತಿಲ್ಲ. ಕೋಣೆಯಿಂದ ಅಂಗಳಕ್ಕೆ, ಅಂಗಳದಿಂದ ಕೋಣೆಗೆ ಓಡಾಡುತ್ತಿದ್ದೇನೆ. ಹಾಗಾದರೆ ಯಾವುದು ನನ್ನ ಕೈಯದು?

ಮೇ ೨೩, ಶುಕ್ರವಾರ

ಜಾರಾ ಸಂತೆಯಲ್ಲಿ ಗೆಳತಿಯ ಅಂಗಡಿಯಲ್ಲಿ ಕೂತು ಗೋರಂಟಿ ಪುಡಿ ತೂಗಿ ಕೊಡುತ್ತಿದ್ದೆ. ಚಳಿಗಾಲದಿಂದ ಇದೇ ನನ್ನ ಕೆಲಸ. ತಲೆ ಎತ್ತಿದರೆ ಹಸಿರು ಪುಡಿಯ ರಾಶಿಯ ಆಚೆ ಇನ್ಸಾಫ್ ನಿಂತಿದ್ದಾಳೆ. ಕೊಳ್ಳಲು ಬಂದವಳ ಹಾಗಿರಲಿಲ್ಲ.

"ತಪ್ಪಾಯ್ತು ಲಲ್ಲಾ ಸಾಸಿಯಾ. ನಿಮ್ಮ ಕಥೆಗೆ ಅವಸರ ಮಾಡಿ ನಾನೇ ಕೊನೆ ಕಟ್ಟೋಕೆ ಹೋದೆ."

"ಬಿಡು, ನಾನೂ ಜೋರಾಗಿ ಮಾತಾಡಿದೆ."

"ಜೋರಾಗಿ ಹೇಳಿದ್ದೇ ಒಳ್ಳೇದಾಯ್ತು. ಯಾವುದು ನಿಮ್ಮ ಕೈಯಿಂದ ಆದದ್ದು, ಯಾವುದು ಅಲ್ಲ ಅನ್ನೋದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅದನ್ನ ಇನ್ಯಾರ ಹತ್ರ ಕೇಳಬೇಕು ಅನ್ಸುತ್ತೆ ನಿಮಗೆ?"

"ಹಾಜರ್" ಅಂದುಬಿಟ್ಟೆ. ಎಲ್ಲಿಂದ ಬಂತೋ ಆ ಹೆಸರು. ಇನ್ಸಾಫ್‌ಗೂ ಆಶ್ಚರ್ಯ. ಹೋಗಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಒಂದು ಪೊಟ್ಟಣ ಗೋರಂಟಿ ಕೊಂಡಳು. ಚೌಕಾಸಿ ಮಾಡಲು ಬರುವುದಿಲ್ಲ ಪಾಪ, ಕೇಳಿದಷ್ಟು ಕೊಟ್ಟಳು. ಕರೆದು ಚಿಲ್ಲರೆ ವಾಪಸು ಕೊಟ್ಟೆ.

ಜೂನ್ ೫, ಗುರುವಾರ

ನಾಳೆ ಕುರ್ಬಾನಿಯ ಹಬ್ಬ. ಕುರಿಯ ಹಣೆಗೆ ಗೋರಂಟಿ ಹಚ್ಚಿದೆ. ಕೈ ನಡುಗಲಿಲ್ಲ. "ಅದಕ್ಕೆ ಹೇಗೂ ನಾಳೆ ಒಳ್ಳೇದಾಗಲ್ಲ, ಬಾಡಿಗೆಯವಳಿಗೆ ಹೇಳೋಕೆ ಏನೂ ಉಳಿದಿಲ್ಲ" ಅಂದ ಅಮ್ಮಾರ್. ನಕ್ಕು ನಕ್ಕು ಬಟ್ಟಲು ಕೆಳಗಿಡಬೇಕಾಯಿತು.

ಜೂನ್ ೧೦, ಮಂಗಳವಾರ

ಬಾಡಿಗೆಯವಳು ಬೆಳಗಾಗುವ ಮೊದಲೇ ಎದ್ದು ಬಾಗಿಲಿಗೆ ಅಡ್ಡ ಕೂತಿದ್ದಳು. ಆದರೂ ವ್ಯಾನು ನಿಲ್ಲುವ ಜಾಗದವರೆಗೆ ಹೋದೆ. ಹಾಜರ್ ಈಗ ಮಾರೆತ್‌ನಲ್ಲಿ ತವರಿನಲ್ಲಿದ್ದಾಳೆ. ಮಾರೆತ್ ವ್ಯಾನು ತುಂಬಲು ಒಂದು ಸೀಟು ಬಾಕಿ ಇತ್ತು. ಡ್ರೈವರು "ಬನ್ನಿ ಅಮ್ಮ, ನಿಮಗೇ ಕಾಯ್ತಿದ್ದೀವಿ" ಅಂದ. ನಾನು ಅಲ್ಲ ಅಂದು ವಾಪಸು ಬಂದೆ.

ಜೂನ್ ೧೨, ಗುರುವಾರ

ಹೋದೆ.

ಹಾಜರ್ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಸಣ್ಣಗಾಗಿದ್ದಾಳೆ. ನನ್ನನ್ನು ಕಂಡವಳೇ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಎದೆಗೆ ಒತ್ತಿ ಹಿಡಿದಳು. ಬಯ್ಯಲಿ, ಬಾಗಿಲು ಹಾಕಲಿ, ಎರಡಕ್ಕೂ ತಯಾರಾಗಿಯೇ ಹೋಗಿದ್ದೆ. ಅವಳು ಎರಡೂ ಮಾಡಲಿಲ್ಲ. ದಾಳಿಂಬೆ ಗಿಡದ ನೆರಳಲ್ಲಿ ಚಾಪೆ ಹಾಸಿದಳು.

"ನಿನ್ನ ಹತ್ರ ಒಂದು ಕೇಳೋಣ ಅಂತ ಬಂದೆ ಮಗಳೇ. ನನ್ನ ಕೈಯಿಂದ..."

"ನೀವು ಹಚ್ಚಿದ್ದನ್ನ ನಾನು ಉಜ್ಜಿ ತೆಗೆದೆ" ಅಂದಳು ಹಾಜರ್. ನನ್ನ ಕಡೆ ನೋಡುತ್ತಿರಲಿಲ್ಲ. "ಅವರನ್ನ ಮಣ್ಣು ಮಾಡಿದ ಮಾರನೇ ದಿನ. ನಿಂಬೆಹಣ್ಣು, ಉಪ್ಪು, ಆಮೇಲೆ ಬಟ್ಟೆಗೆ ಹಾಕೋ ಬ್ಲೀಚು. ಚರ್ಮ ಕಿತ್ತು ಬಂತು. ಆ ಸಾಸಿಯಾ ಹಾಳಾಗಿ ಹೋಗಲಿ ಅಂತ ಉಜ್ಜಿದೆ."

ನನ್ನ ತಲೆ ಬಗ್ಗಿತು. ನಾನು ಕಾಯುತ್ತಿದ್ದದ್ದು ಇದೇ ಮಾತಿಗೆ. ಕೇಳಿದ ಮೇಲೆ ಎದ್ದು ಹೋಗಬಹುದಿತ್ತು. ಕೂತೇ ಇದ್ದೆ.

"ಆಮೇಲೆ ನಮ್ಮತ್ತೆ ಅಂದ್ರು, ಗೋರಂಟಿಯವಳ ಮಾತು ಬಿಡು, ಇದೆಲ್ಲ ನಿನ್ನ ಕಾಲ್ಗುಣ. ನೀನು ಹೊಸಿಲು ದಾಟಿದೆ, ನನ್ನ ಮಗ ಹೋದ. ಹಾಗಂದು ನನ್ನ ಬಟ್ಟೆಬರೆ ಕಟ್ಟಿಸಿ ತವರಿಗೆ ಕಳಿಸಿದ್ರು." ಹಾಜರ್ ನಕ್ಕಳು, ಕೇಳಲಾಗದ ನಗು. "ನಿಮಗೆ ಕೈಗುಣ, ನನಗೆ ಕಾಲ್ಗುಣ. ಒಬ್ಬ ಮನುಷ್ಯ ಸಾಯೋಕೆ ಎಷ್ಟು ಹೆಂಗಸರು ಬೇಕು ಇವರಿಗೆ?"

ಸುಮ್ಮನೆ ಅವಳ ಕೈ ತೆಗೆದುಕೊಂಡು ನೋಡಿದೆ. ಬೆರಳ ಸಂದಿಯಲ್ಲಿ ಚರ್ಮ ಇನ್ನೂ ಬೇರೆ ಬಣ್ಣ.

"ಲಾರಿಗೆ ಹಿಂದೆ ದೀಪ ಇರಲಿಲ್ಲ" ಅಂದಳು. "ಪೊಲೀಸರೇ ಹೇಳಿದ್ರು. ದೀಪ ಇರಲಿಲ್ಲ ಅನ್ನೋದನ್ನ ಯಾರೂ ಇನ್ನೊಬ್ಬರಿಗೆ ಹೇಳಲ್ಲ."

ಆಮೇಲೆ ಸಂಜೆವರೆಗೆ ಅದೂ ಇದೂ ಹರಟೆ. ಕಾಲ್ಗುಣದ ಆ ಮಾತು ಯಾವಾಗ ಜಾಸ್ತಿ ಕಾಡುತ್ತೆ ಅಂತ ಕೇಳಿದೆ. ಹೊಸಿಲು ದಾಟುವಾಗಲೆಲ್ಲ ಅಂದಳು, ಅಂಗಡಿ ಹೊಸಿಲಾದರೂ ಸರಿ, ಬಲಗಾಲೋ ಎಡಗಾಲೋ ಅಂತ ನಿಂತುಬಿಡ್ತೀನಿ. ಎಲ್ಲಿ ಕಾಡಲ್ಲ ಅಂದೆ. ತೋಟಕ್ಕೆ ನೀರು ಬಿಡುವಾಗ ಅಂದಳು. ಕೆಸರಲ್ಲಿ ಯಾವ ಕಾಲು ಮೊದಲು ಅಂತ ಯಾರು ನೋಡ್ತಾರೆ? ಹೀಗೇ ಸುಮ್ಮನೆ ಹೆಂಗಸರ ಮಾತು.

ಬರುವಾಗ ಕೊನೆಯ ವ್ಯಾನು ಸಿಕ್ಕಿತು. ದಾರಿಯಲ್ಲಿ ರಸ್ತೆ ಬದಿ ನಿಂತ ಲಾರಿಗಳ ಹಿಂಭಾಗವನ್ನೇ ನೋಡುತ್ತಾ ಬಂದೆ.

ಜೂನ್ ೨೩, ಸೋಮವಾರ

ಹಾಜರ್ ಬಂದಿದ್ದಳು. ನಾನೇ ಇನ್ಸಾಫ್ ಹತ್ತಿರ ಕರೆದುಕೊಂಡು ಹೋದೆ. ಔಷಧಿ ಅಂಗಡಿಯ ಹೊಸಿಲ ಮುಂದೆ ನಿಂತುಬಿಟ್ಟಳು. ನಾನು ಮುಂದೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಕಾದೆ. ಬಂದಳು.

ಒಳಗೆ ಇನ್ಸಾಫ್ ಒಂದು ನಿಯಮ ಹಾಕಿದಳು: ನಾನು ಮಾತಾಡುತ್ತೇನೆ, ಹಾಜರ್ ಬರೀ ಕೇಳುತ್ತಾಳೆ. ಆಮೇಲೆ ಹಾಜರ್ ತಾನು ಕೇಳಿದ್ದನ್ನು ಹೇಳುತ್ತಾಳೆ, ನಾನು ಬಾಯಿ ಮುಚ್ಚಿಕೊಂಡಿರಬೇಕು. ಹೊಗಳಬಾರದು, ಬುದ್ಧಿ ಹೇಳಬಾರದು. ನಾನು ಬಾಯಿ ಮುಚ್ಚಿಕೊಂಡಿರುವುದು! ಅಮ್ಮಾರ್ ಇದ್ದಿದ್ದರೆ ಟಿಕೆಟ್ ಕೊಂಡು ನೋಡುತ್ತಿದ್ದ.

ಹಾಜರ್ ಹೇಳಿದ್ದು ಇಷ್ಟು: "ಇವರು ಹಚ್ಚುವಾಗ ನನ್ನ ಕೈ ಬೆವರ್ತಾ ಇತ್ತು. ಬಣ್ಣ ಹಿಡಿಯಲ್ಲ ಅಂತ ಇವರು ಬಯ್ಯಲಿಲ್ಲ. ಊದಿ ಊದಿ ಆರಿಸಿದ್ರು. ಆ ದಿನ ನನಗೆ ಭಯ ಆಗಿದೆ ಅಂತ ಕಂಡುಕೊಂಡದ್ದು ಇವರೊಬ್ಬರೇ. ಇವತ್ತು ಮೆಟ್ಟಿಲ ಮೇಲೆ ಕೂತು ಕಾದ್ರಲ್ಲ, ಅದನ್ನ ನೋಡಿ ಅದೇ ನೆನಪಾಯ್ತು."

ಇನ್ಸಾಫ್ ಇಡೀ ಹೊತ್ತು ಹೆಚ್ಚು ಕಮ್ಮಿ ಏನೂ ಮಾತಾಡಲಿಲ್ಲ. ಕಲಿತಿದ್ದಾಳೆ ಹುಡುಗಿ.

ಆ ದಿನ ನಾನು ಊದಿದ್ದೆನೇ? ನೆನಪೇ ಇಲ್ಲ. ಎಲ್ಲರಿಗೂ ಊದುತ್ತೇನೆ.

ಜುಲೈ ೪, ಶುಕ್ರವಾರ

ಉಮೈಮಾ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಶುರು.

"ದೊಡ್ಡಮ್ಮ, ಆ ಸ್ಫಾಕ್ಸ್‌ನವಳನ್ನ ಬೇಡ ಅಂತೀನಿ. ನೀನೇ ಹಚ್ಚು. ಇಲ್ಲದಿದ್ರೆ ನಂಗೆ ಗೋರಂಟಿನೇ ಬೇಡ."

"ಬೇಡ ಅಂದ್ರೆ ಬರಿಗೈಲಿ ಕೂರ್ತೀಯಾ? ಅವಳನ್ನ ಗೊತ್ತು ಮಾಡಿಯಾಗಿದೆ. ಅವಳ ಹೊಟ್ಟೆ ಮೇಲೆ ಯಾಕೆ ಹೊಡೀತೀಯ? ಅವಳೇ ಹಚ್ಚಲಿ."

"ಮತ್ತೆ ನೀನು? ಅಡುಗೆಮನೇಲಿ ಬಚ್ಚಿಟ್ಕೊಂಡಿರ್ತೀನಿ ಅಂದ್ಯಂತೆ?"

"ಯಾರು ಹೇಳಿದ್ದು? ನಾನು ಕೋಣೆಗೆ ಬರ್ತೀನಿ. ಹಾಜರ್‌ಳನ್ನೂ ಕರ್ಕೊಂಡು ಬರ್ತೀನಿ."

ಹಾಜರ್ ಯಾರು ಅಂತ ಗಾಬೆಸ್‌ಗೆಲ್ಲ ಗೊತ್ತು. ನಾನು ಬೀನ್ಸ್ ಸೋಸುವುದನ್ನು ನಿಲ್ಲಿಸಲಿಲ್ಲ.

"ಅತ್ತೆ ಏನಂತಾರೋ" ಅಂದಳು ಮೆಲ್ಲಗೆ. ಆಮೇಲೆ ನನ್ನ ಪಕ್ಕ ಕೂತು ತಾನೂ ಒಂದು ಹಿಡಿ ಬೀನ್ಸ್ ತೆಗೆದುಕೊಂಡಳು. "ಕರ್ಕೊಂಡು ಬಾ ದೊಡ್ಡಮ್ಮ. ನನ್ನ ಪಕ್ಕದಲ್ಲೇ ಕೂರಿಸು."

ಅರೆ, ಸೋಮವಾರ ಇನ್ಸಾಫ್ ಹತ್ತಿರ ಹೋಗಬೇಕಿತ್ತು. ಮರೆತೇಬಿಟ್ಟಿದ್ದೆ.

ಜುಲೈ ೧೦, ಗುರುವಾರ

ಬರೆಯಲು ಎಷ್ಟೊಂದಿದೆ, ಕೈ ಓಡುತ್ತಿಲ್ಲ.

ಮಧ್ಯಾಹ್ನ ಮುನ್ಜಿಯಾಳ ಮನೆಯ ದೊಡ್ಡ ಕೋಣೆ. ಹೆಂಗಸರು, ಮಕ್ಕಳು, ಗೋಡೆಗೆ ಒರಗಿ ಕೂತ ಮುದುಕಿಯರು, ನಡುವೆ ಚಿನ್ನದ ಅಂಚಿನ ಬಟ್ಟೆ ಹೊದ್ದ ಉಮೈಮಾ. ಡಫ್ ಬಾರಿಸುತ್ತಿದ್ದರು. ನಾನು ಹಾಜರ್‌ಳ ಕೈ ಹಿಡಿದು ಬಾಗಿಲಲ್ಲಿ ನಿಂತೆ. ಡಫ್ ನಿಂತಿತು. ಯಾರೋ "ಬಿಸ್ಮಿಲ್ಲಾ" ಅಂದರು, ಹಾವು ಕಂಡವರ ಹಾಗೆ. ಹಾಜರ್ ಹೊಸಿಲ ಮೇಲೆ ನಿಂತುಬಿಟ್ಟಳು. ಅವಳ ಬೆರಳು ನನ್ನ ಮುಷ್ಟಿಯೊಳಗೆ ತಣ್ಣಗಾಗಿತ್ತು.

"ಕೆಸರಲ್ಲಿ ನಡಿ" ಅಂದೆ ಅವಳ ಕಿವಿಯಲ್ಲಿ. ದಾಟಿದಳು. ಯಾವ ಕಾಲು ಮೊದಲಿಟ್ಟಳೋ ನನಗೆ ಗೊತ್ತಿಲ್ಲ, ಕೋಣೆ ಪೂರ್ತಿ ನೋಡುತ್ತಿತ್ತು, ಅವರನ್ನೇ ಕೇಳಬೇಕು.

ಸ್ಫಾಕ್ಸ್‌ನವಳು ಚಿಕ್ಕ ವಯಸ್ಸಿನವಳು. ತಲೆ ಎತ್ತಿ, "ನೀವೇನಾ ಸಾಸಿಯಾ? ನಿಮ್ಮ ಬಗ್ಗೆ ಕೇಳಿದ್ದೀನಿ" ಅಂದಳು.

"ಏನಂತ ಕೇಳಿದ್ದೀಯ?"

"ಗೆರೆ ಕೂದಲಷ್ಟು ತೆಳು ಅಂತ."

ಅಷ್ಟು ದೂರಕ್ಕೆ ಹೋಗಿದ್ದ ಮಾತು ಅದೊಂದೇ. ನಿನ್ನ ಹತ್ರ ಇನ್ನೊಂದು ಸಿರಿಂಜು ಇದೆಯಾ ಅಂತ ಕೇಳಿದೆ. ಕೊಟ್ಟಳು. ಮದುಮಗಳ ಪಕ್ಕದಲ್ಲಿ ಹಾಜರ್‌ಳನ್ನು ಕೂರಿಸಿ, ಅವಳ ಎಡಗೈ ನನ್ನ ಮಂಡಿಯ ಮೇಲಿಟ್ಟುಕೊಂಡೆ. ವಿಧವೆಯ ದುಃಖದ ತಿಂಗಳುಗಳು ಯಾವಾಗಲೋ ಮುಗಿದಿವೆ, ಹಚ್ಚಬಾರದು ಅಂತ ಎಲ್ಲೂ ಇಲ್ಲ. ಆದರೂ ಗಂಡಿನ ಸೋದರತ್ತೆ ಎದ್ದಳು.

"ಇಲ್ಲಿ ಇದೆಲ್ಲ ಬೇಡ. ಶುಭದ ಮನೆ ಇದು."

"ಶುಭದ ಮನೆ ಅಂತಲೇ ಬಂದಿದ್ದು" ಅಂದೆ.

ಅವಳು ತನ್ನ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಅಂಗಳಕ್ಕೆ ಹೋದಳು. ಹೋಗಲಿ.

ಕೈ ನಡುಗಿತು. ನಡುಗದೆ ಏನು? ಬಾಡಿಗೆಯವಳು ಅಷ್ಟು ಜನರ ಮುಂದೆ ಸುಮ್ಮನಿರುತ್ತಾಳಾ? ಈ ಹುಡುಗಿಗೆ ಇನ್ನೂ ಏನು ಆಗಬೇಕು ಅಂತಿದ್ದೀಯ ಅಂದಳು. ಆದದ್ದೆಲ್ಲ ದೀಪವಿಲ್ಲದ ಲಾರಿಯಿಂದ ಆಗಿದೆ, ನೀನು ಆ ಕಡೆ ಕೂರು ಅಂದೆ, ಮನಸ್ಸಿನಲ್ಲಿ. ಮೊದಲ ಗೆರೆ ಸೊಟ್ಟಗೆ ಹೋಯಿತು.

"ಸೊಟ್ಟ ಆಯ್ತು" ಅಂದಳು ಹಾಜರ್.

"ಗೊತ್ತಾಯ್ತು, ಕಣ್ಣು ಕಾಣುತ್ತೆ ನನಗೆ. ಅಲ್ಲಾಡಬೇಡ." ಸೊಟ್ಟ ಗೆರೆಗೆ ಎಲೆ ಹಚ್ಚಿದೆ, ಬಳ್ಳಿಯಾಯಿತು. ಅವಳ ಅಂಗೈ ಬೆವರುತ್ತಿತ್ತು. ಊದಿದೆ.

ಬಳ್ಳಿ ಮಣಿಕಟ್ಟಿಗೆ ಬರುವಷ್ಟರಲ್ಲಿ ನನ್ನ ಪಕ್ಕ ಯಾರೋ ಕೂತರು. ಮುನ್ಜಿಯಾ. ಅಡುಗೆಮನೆಯಿಂದ ಹಾಗೇ ಬಂದಿದ್ದಳು, ಮೈಯೆಲ್ಲ ಈರುಳ್ಳಿ ವಾಸನೆ, ಕಣ್ಣು ಕೆಂಪು. ತನ್ನ ಕೈ ಚಾಚಿದಳು.

"ಕೈ ತೊಳ್ಕೊಂಡು ಬಾ, ಬಣ್ಣ ಹಿಡಿಯಲ್ಲ" ಅಂದೆ.

"ತೊಳ್ಕೊಂಡು ಬಂದ್ರೆ ಹಚ್ತೀಯಾ ಅಕ್ಕ?"

"ಸರದಿ ಮೇಲೆ."

ಅವಳು ಎದ್ದು ಹೋಗಿ, ಬಚ್ಚಲಲ್ಲಿ ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತಿದ್ದಳು. ಅಳುತ್ತಿದ್ದಳು ಅಂತ ನನಗೂ ಗೊತ್ತು, ಅವಳಿಗೂ ಗೊತ್ತು.

ಆಮೇಲೆ ಡಫ್ ಮತ್ತೆ ಶುರುವಾಯಿತು. ಗಂಡಿನ ಅಜ್ಜಿ, ಹಲ್ಲಿಲ್ಲದ ಮುದುಕಿ, ತೆವಳಿಕೊಂಡು ಬಂದು ಹಾಜರ್‌ಳ ಕೈ ನೋಡಿ ನಾಲಿಗೆ ಚಪ್ಪರಿಸಿದಳು. "ನೋಡ್ರೇ, ಸಾಸಿಯಾಳ ಕೈಗುಣ ತಿರುಗಿ ಬಂತು!" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ಒಬ್ಬಿಬ್ಬರು ಹೂಂಗುಟ್ಟಿದರು. ಒಂದು ವರ್ಷದಿಂದ ಈ ಮಾತಿಗೆ ಪ್ರಾಣ ಬಿಡುತ್ತಿದ್ದವಳು ನಾನು. ಕಿವಿಗೆ ಬಿದ್ದಾಗ ಸಿಹಿಯೇ ಇತ್ತು.

"ಇಲ್ಲ ಅಜ್ಜಿ" ಅಂದೆ. "ಗೋರಂಟಿಗೆ ಬಣ್ಣ ಕೊಡೋಕೆ ಬರುತ್ತೆ, ನನಗೆ ಗೆರೆ ಎಳೆಯೋಕೆ ಬರುತ್ತೆ. ಮಿಕ್ಕಿದ್ದು ನಮ್ಮಿಬ್ಬರ ಹತ್ರ ಇಲ್ಲ."

"ಏನಂದ್ಲು?" ಅಂತ ಅಜ್ಜಿ ಪಕ್ಕದವಳನ್ನು ಕೇಳಿದಳು. ಪಾಪ, ಕಿವಿ ಮಂದ.

ಜುಲೈ ೧೩, ಭಾನುವಾರ

ನಿನ್ನೆ ಮದುವೆ. ಬೀದಿಗೆ ಅಡ್ಡಲಾಗಿ ಡೇರೆ ಹಾಕಿದ್ದರು. ಸಂಜೆ ಉಮೈಮಾ ಬಂದು ಪೀಠದ ಮೇಲೆ ಕೂತಳು, ವಾದ್ಯದವರು ಶುರು ಮಾಡಿದರು. ಅಷ್ಟರಲ್ಲಿ ದಕ್ಷಿಣದಿಂದ ಬಿಸಿಗಾಳಿ ನುಗ್ಗಿ ಬಂತು. ಡೇರೆಯ ಒಂದು ಮೂಲೆ ಎದ್ದು, ಕಂಬ ಓಲಾಡಿ ವಾದ್ಯದವರ ಮೇಲೆ ಮಗುಚಿತು. ಚೀರಾಟವೋ ಚೀರಾಟ. ಯಾರಿಗೂ ಪೆಟ್ಟಾಗಲಿಲ್ಲ, ಒಂದು ಡೋಲು ಹರಿಯಿತು, ದೀಪದ ಸರ ಆರಿತು.

ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಸೋದರತ್ತೆ ಮೊದಲು, ಆಮೇಲೆ ಅವಳ ಸಾಲು, ಆಮೇಲೆ ಹಿಂದಿನ ಸಾಲು. ನನ್ನ ಪಕ್ಕ ಕೂತ ಹಾಜರ್‌ಳ ಕಾಲುಗಳು ಕುರ್ಚಿಯ ಕೆಳಗೆ ಸರಿದವು. ನಾನೂ ತಿರುಗಿದೆ. ನನ್ನ ಹಿಂದೆ ಡೇರೆ ಕಟ್ಟಿದವನು ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಏನಯ್ಯಾ, ಗೂಟ ಇಷ್ಟೇನಾ ಹೊಡೆದಿದ್ದು?" ಅಂದೆ, ಎಲ್ಲರಿಗೂ ಕೇಳುವ ಹಾಗೆ.

"ಗಾಳಿ ಜೋರಿತ್ತು ಲಲ್ಲಾ. ನನ್ನ ಕೈಲೇನಿದೆ?"

"ಸುತ್ತಿಗೆ ಇದೆ. ಹೊಡಿ."

ಮೊದಲು ನಕ್ಕವಳು ಹಾಜರ್. ಅಮ್ಮಾರ್ ಓಡಿ ಬಂದು ಕಂಬ ಎತ್ತಿ ಹಿಡಿದುಕೊಂಡ. ಡೇರೆಯವನು ಗೂಟ ಹೊಡೆದ.